ಡಿಸ್ಚಾರ್ಜ್ ಆದ ಮೇಲಿನ ದಿನಗಳು: ರೋಗಿಯನ್ನು ಮನೆಗೆ ಕರೆತರುವ ಮುನ್ನ ತಿಳಿದಿರಬೇಕಾದ ವಿಷಯಗಳು



ಟ್ರಸ್ಟಿಗೆ ಬರುವ ವೈದ್ಯಕೀಯ ನೆರವಿನ ಅರ್ಜಿಗಳಲ್ಲಿ ಹೆಚ್ಚಿನವು ಆಪರೇಷನ್ ಖರ್ಚು, ಆಸ್ಪತ್ರೆ ಬಿಲ್ಲು, ಸ್ಕ್ಯಾನಿಂಗ್ ಇವಕ್ಕೆ ಸಂಬಂಧಪಟ್ಟವು. ಬಿಲ್ಲು ಕಟ್ಟಿ ರೋಗಿ ಮನೆಗೆ ಬಂದರೆಂದರೆ ಮನೆಯವರಿಗೂ ನಿರಾಳ, ಕೊಟ್ಟ ದಾನಿಗಳಿಗೂ ಸಮಾಧಾನ. ಆದರೆ ಕಾಯಿಲೆಯ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಸಿಸ್ಟರು, ವಾರ್ಡಿನ ಸಿಬ್ಬಂದಿ ಪಾಳಿಯ ಮೇಲೆ ಮಾಡುತ್ತಿದ್ದ ಕೆಲಸವನ್ನೆಲ್ಲ ಡಿಸ್ಚಾರ್ಜ್ ಆದ ಸಂಜೆಯಿಂದ ಮನೆಯ ಒಬ್ಬರೋ ಇಬ್ಬರೋ ಮಾಡಬೇಕು. ಹೊತ್ತಿಗೆ ಸರಿಯಾಗಿ ಮಾತ್ರೆ, ಗಾಯದ ಡ್ರೆಸ್ಸಿಂಗ್, ಪಥ್ಯ, ಎಬ್ಬಿಸಿ ನಡೆಸುವುದು, ರಾತ್ರಿ ಎದ್ದು ನೋಡುವುದು ಎಲ್ಲವೂ ಅವರ ತಲೆಯ ಮೇಲೆ.

ಅವರು ಈ ಕೆಲಸವನ್ನು ಆಸ್ಪತ್ರೆಯಲ್ಲೇ ಕಲಿತುಕೊಂಡು ಬಂದಿದ್ದರೆ ರೋಗಿ ಚೇತರಿಸಿಕೊಳ್ಳುತ್ತಾನೆ. ಕಲಿಯದೆ ಬಂದಿದ್ದರೆ ಎರಡನೇ ವಾರದಲ್ಲಿ ಮತ್ತೆ ಅದೇ ಆಸ್ಪತ್ರೆಯ ಬಾಗಿಲು, ಮತ್ತೆ ಬಿಲ್ಲು, ಮತ್ತೆ ಟ್ರಸ್ಟಿಗೆ ಅರ್ಜಿ. ಆದ್ದರಿಂದ ಈ ವರ್ಷದ ವರದಿಯಲ್ಲಿ ರೋಗಿಯನ್ನು ಸುರಕ್ಷಿತವಾಗಿ ಮನೆಗೆ ಕರೆತರುವುದು ಹೇಗೆ ಎಂಬುದನ್ನು ವಿವರಿಸಿದ್ದೇನೆ. ಇಲ್ಲಿ ಹೇಳಿರುವುದು ಯಾವುದೂ ನಿಮ್ಮ ಡಾಕ್ಟರ ಮಾತಿಗೆ ಬದಲಿಯಲ್ಲ. ಡಾಕ್ಟರನ್ನು ಏನು ಕೇಳಬೇಕು, ಯಾವಾಗ ಕೇಳಬೇಕು ಎಂಬುದಕ್ಕೆ ಇದೊಂದು ಕೈಪಿಡಿ ಎಂದುಕೊಳ್ಳಿ.

ಕೊಡಗಿನವರಿಗೆ ಇದು ಏಕೆ ಹೆಚ್ಚು ಮುಖ್ಯ

ಮಡಿಕೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂದ ಮೇಲೆ ಅದು ಬೋಧಕ ಆಸ್ಪತ್ರೆಯೂ ಆಗಿದೆ. ಆದರೂ ಹೃದಯ, ಮೆದುಳು, ಕಿಡ್ನಿ, ಕ್ಯಾನ್ಸರ್ ಇಂಥ ದೊಡ್ಡ ಕಾಯಿಲೆಗಳಿಗೆ ನಮ್ಮ ಜನ ಸಂಪಾಜೆ ಘಾಟಿ ಇಳಿದು ಸುಳ್ಯ, ಮಂಗಳೂರಿನ ಕಡೆಗೆ ಅಥವಾ ಕುಶಾಲನಗರ, ಹುಣಸೂರು ದಾಟಿ ಮೈಸೂರಿಗೆ ಹೋಗುವುದು ನಡೆದೇ ಇದೆ. ಮಂಗಳೂರು ಇಲ್ಲಿಂದ ಸುಮಾರು 140 ಕಿಲೋಮೀಟರ್, ಮೈಸೂರು ಸುಮಾರು 120 ಕಿಲೋಮೀಟರ್. ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ. ಮಂಗಳೂರಿನಲ್ಲೇ ಮನೆ ಇರುವವರು ಸಣ್ಣ ಸಂಶಯ ಬಂದರೂ ಆಟೋ ಹತ್ತಿ ಆಸ್ಪತ್ರೆಗೆ ಹೋಗಿ ಕೇಳಬಹುದು. ಸಿದ್ದಾಪುರದ ಎಸ್ಟೇಟಿನ ಲೈನ್‌ಮನೆಯಲ್ಲೋ ನಾಪೋಕ್ಲಿನ ಒಳಗಡೆಯ ತೋಟದಲ್ಲೋ ಇರುವವರಿಗೆ ಅದು ಸಾಧ್ಯವಿಲ್ಲ. ಕೇಳುವುದನ್ನೆಲ್ಲ ಹೊರಡುವ ಮೊದಲೇ ಕೇಳಿಕೊಳ್ಳಬೇಕು.

ಮಳೆಗಾಲದ ವಿಷಯ ಬೇರೆ ಹೇಳಬೇಕಿಲ್ಲ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟು ಹೋಗುವುದು, ಮೊಬೈಲಿಗೆ ಸಿಗ್ನಲ್ ಇಲ್ಲದಿರುವುದು ಮಾಮೂಲು. ಆ ತಿಂಗಳುಗಳಲ್ಲಿ ಡಿಸ್ಚಾರ್ಜ್ ಆಗುವ ರೋಗಿಗೆ ಎರಡು ವಾರದ ಮಾತ್ರೆ ಕೈಯಲ್ಲಿರಬೇಕು.

ಇನ್ನು ಭಾಷೆ. ನಮ್ಮ ಮನೆಗಳಲ್ಲಿ ಮಲಯಾಳಂ, ಬ್ಯಾರಿ, ಉರ್ದು ಮಾತನಾಡುತ್ತೇವೆ; ನೆರೆಹೊರೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು. ಡಾಕ್ಟರು ಕನ್ನಡದಲ್ಲಿ ಹೇಳುತ್ತಾರೆ, ಡಿಸ್ಚಾರ್ಜ್ ಚೀಟಿ ಇರುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಅದನ್ನು ಓದುವವರು ಯಾರು? ಬಹಳ ಮನೆಗಳಲ್ಲಿ ಎಂಟನೆಯೋ ಒಂಬತ್ತನೆಯೋ ತರಗತಿಯಲ್ಲಿ ಓದುತ್ತಿರುವ ಮಗಳು ಅಥವಾ ಮಗ. ಅಂದರೆ ನಮ್ಮ ವಿದ್ಯಾರ್ಥಿವೇತನದ ಪಟ್ಟಿಯಲ್ಲಿರುವ ಮಕ್ಕಳೇ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಬೇರೆ ಕಡೆ ಕಂಡುಕೊಂಡದ್ದು

ಅಮೆರಿಕದ ಕೊಲೊರಾಡೊದಲ್ಲಿ ಎರಿಕ್ ಕೋಲ್ಮನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 65 ವರ್ಷ ದಾಟಿದ 750 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಸಿ 2006ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ರೋಗಿಗಳಿಗೆ ಎಂದಿನಂತೆ ಡಿಸ್ಚಾರ್ಜ್ ಮಾಡಿದರು. ಉಳಿದವರಿಗೆ ಒಬ್ಬ ತರಬೇತಾದ ಮಾರ್ಗದರ್ಶಕರನ್ನು ಕೊಟ್ಟು ನಾಲ್ಕು ವಿಷಯ ಕಲಿಸಿದರು: ತಮ್ಮ ಔಷಧಿಯನ್ನು ತಾವೇ ನೋಡಿಕೊಳ್ಳುವುದು, ಕಾಯಿಲೆಯ ದಾಖಲೆಯನ್ನು ತಮ್ಮ ಹತ್ತಿರ ಇಟ್ಟುಕೊಳ್ಳುವುದು, ತಪ್ಪದೆ ಮರುತಪಾಸಣೆಗೆ ಹೋಗುವುದು, ಅಪಾಯದ ಸೂಚನೆಗಳನ್ನು ಗುರುತಿಸುವುದು. 30 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರು ಮೊದಲ ಗುಂಪಿನಲ್ಲಿ ಶೇಕಡಾ 11.9, ಕಲಿಸಿದ ಗುಂಪಿನಲ್ಲಿ ಶೇಕಡಾ 8.3. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ತಿಳಿವಳಿಕೆಯಿಂದಲೇ ಇಷ್ಟು ವ್ಯತ್ಯಾಸ.

ನಮ್ಮ ರಾಜ್ಯದಲ್ಲೂ ಇದಕ್ಕೆ ಉದಾಹರಣೆಯಿದೆ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹೃದಯದ ಆಪರೇಷನ್ ಆದವರ ಮನೆಯವರಿಗೆ ವಾರ್ಡಿನಲ್ಲೇ ತರಗತಿ ನಡೆಸುವ ಕೆಲಸವನ್ನು ನೂರಾ ಹೆಲ್ತ್ ಎಂಬ ಸಂಸ್ಥೆ ಆರಂಭಿಸಿತು. ರೋಗಿಯ ಜೊತೆಗೆ ಬಂದು ಕಾರಿಡಾರಿನಲ್ಲಿ ಸುಮ್ಮನೆ ಕುಳಿತಿರುತ್ತಿದ್ದ ಹೆಂಡತಿ, ಮಗ, ಅಣ್ಣತಮ್ಮಂದಿರಿಗೆ ಕೈ ತೊಳೆಯುವ ಕ್ರಮ, ಗಾಯ ನೋಡಿಕೊಳ್ಳುವುದು, ಮಾತ್ರೆ ಕೊಡುವುದು, ವ್ಯಾಯಾಮ ಮಾಡಿಸುವುದು ಇವನ್ನು ಸಿಸ್ಟರುಗಳೇ ಹೇಳಿಕೊಡುತ್ತಿದ್ದರು. ಆಮೇಲೆ ಅದು ಸರ್ಕಾರಿ ಆಸ್ಪತ್ರೆಗಳಿಗೂ, ಬೇರೆ ರಾಜ್ಯಗಳಿಗೂ ಹಬ್ಬಿತು. ರೋಗಿಯ ಜೊತೆಗಿರುವವರು ಕಾವಲಿಗೆ ಕೂತವರಲ್ಲ, ಮುಂದಿನ ಆರೈಕೆ ಮಾಡುವವರು ಎಂಬುದನ್ನು ಅದು ತೋರಿಸಿಕೊಟ್ಟಿತು.

ನಿಮ್ಮ ಆಸ್ಪತ್ರೆಯಲ್ಲಿ ಇಂಥ ತರಗತಿ ಇಲ್ಲದಿರಬಹುದು. ಆಗ ನೀವೇ ಕೇಳಿ ಕಲಿಯಬೇಕು. ಮೇಲಿನ ನಾಲ್ಕು ವಿಷಯಗಳನ್ನೇ ನಮ್ಮ ಊರಿಗೆ ಹೊಂದುವಂತೆ ಒಂದೊಂದಾಗಿ ನೋಡೋಣ.

ಒಂದು: ಮಾತ್ರೆ

ಮನೆಗೆ ಬಂದ ಮೇಲೆ ಹೆಚ್ಚು ತಪ್ಪಾಗುವುದು ಮಾತ್ರೆಯಲ್ಲಿ. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ‘ಓಡಿ’ ಎಂದರೆ ದಿನಕ್ಕೆ ಒಂದು ಸಲ, ‘ಬಿಡಿ’ ಎರಡು ಸಲ, ‘ಟಿಡಿಎಸ್’ ಮೂರು ಸಲ. ‘ಎಚ್‌ಎಸ್’ ಎಂದರೆ ಮಲಗುವ ಹೊತ್ತಿಗೆ. ‘ಎಸ್‌ಒಎಸ್’ ಎಂದು ಬರೆದಿದ್ದರೆ ದಿನವೂ ಅಲ್ಲ, ಬೇಕಾದಾಗ ಮಾತ್ರ. ನೋವಿಗೋ ಜ್ವರಕ್ಕೋ ಎಂದು ಕೇಳಿಕೊಳ್ಳಿ. ಊಟದ ಮೊದಲೋ ಆಮೇಲೋ, ಎಷ್ಟು ದಿನ ಎಂಬುದನ್ನೂ ಕೇಳಿ, ಮಾತ್ರೆಯ ಪಟ್ಟಿಯ ಮೇಲೆ ಮನೆಯ ಭಾಷೆಯಲ್ಲೇ ಬರೆದುಕೊಳ್ಳಿ. ಓದು ಬಾರದವರಿಗೆ ಬೆಳಗಿನ ಮಾತ್ರೆಗೆ ಸೂರ್ಯನ, ರಾತ್ರಿಯ ಮಾತ್ರೆಗೆ ಚಂದ್ರನ ಚಿತ್ರ ಬರೆದರೂ ಸಾಕು.

ಇನ್ನೊಂದು ಅಪಾಯ ಹಳೆಯ ಮಾತ್ರೆಗಳದ್ದು. ಸಕ್ಕರೆ ಕಾಯಿಲೆಗೆ ಮನೆಯ ಡಬ್ಬದಲ್ಲಿ ಒಂದು ಕಂಪೆನಿಯ ಮೆಟ್‌ಫಾರ್ಮಿನ್ ಇರುತ್ತದೆ. ಆಸ್ಪತ್ರೆಯವರು ಬೇರೆ ಕಂಪೆನಿಯದನ್ನು ಬರೆದಿರುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ, ಔಷಧಿ ಒಂದೇ. ಎರಡನ್ನೂ ನುಂಗಿದರೆ ಡೋಸು ಇಮ್ಮಡಿ ಆಗುತ್ತದೆ. ಬಿಪಿ ಮಾತ್ರೆಯಲ್ಲೂ ಹೀಗೇ. ಆದ್ದರಿಂದ ಆಸ್ಪತ್ರೆಗೆ ಹೋಗುವಾಗಲೇ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಡಿಸ್ಚಾರ್ಜ್ ದಿನ ಅದನ್ನು ಡಾಕ್ಟರ ಮುಂದಿಟ್ಟು ಮೂರೇ ಪ್ರಶ್ನೆ ಕೇಳಿ: ಇದರಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು, ಹೊಸದು ಯಾವುದು? ಆಯುರ್ವೇದ, ಯುನಾನಿ, ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಸಂಕೋಚವಿಲ್ಲದೆ ಅದನ್ನೂ ಹೇಳಿ.

ಹುಷಾರಾಯಿತೆಂದು ಮಾತ್ರೆ ನಿಲ್ಲಿಸುವುದು ಮತ್ತೊಂದು ತೊಂದರೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಅಂಥ ಇನ್ನೊಂದು ಮಾತ್ರೆ ಕೊಡುತ್ತಾರೆ. ದುಡ್ಡಿಲ್ಲವೆಂದೋ ಹಲ್ಲು ಕೀಳಿಸಬೇಕೆಂದೋ ಹೃದಯದ ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದು. ಲಕ್ಷಗಟ್ಟಲೆ ಖರ್ಚಿನ ಚಿಕಿತ್ಸೆ ಕೆಲವು ರೂಪಾಯಿಯ ಮಾತ್ರೆಯ ಮೇಲೆ ನಿಂತಿರುತ್ತದೆ. ಮಾತ್ರೆಗೆ ಹಣವಿಲ್ಲದಿದ್ದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ಇಲ್ಲವೇ ಟ್ರಸ್ಟಿಗೆ ತಿಳಿಸಿ. ನಿಲ್ಲಿಸಬೇಡಿ.

ಇನ್ಸುಲಿನ್ ಚುಚ್ಚಿಕೊಳ್ಳುವವರು ಸೂಜಿ ಹಿಡಿಯುವುದನ್ನು, ಯೂನಿಟ್ ಎಳೆಯುವುದನ್ನು ಸಿಸ್ಟರ ಎದುರೇ ಎರಡು ಮೂರು ಸಲ ಮಾಡಿ ತೋರಿಸಿ. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು, ಐಸಾಗಬಾರದು. ತೆರೆದ ಬಾಟಲಿ ಸಾಮಾನ್ಯವಾಗಿ 28 ದಿನ ಮನೆಯ ಸಾಧಾರಣ ತಂಪಿನಲ್ಲಿ ಇರಬಲ್ಲದು. ನಮ್ಮ ಊರಿನ ಹವೆಯಲ್ಲಿ ಕರೆಂಟು ಹೋಯಿತೆಂದು ಗಾಬರಿ ಬೇಡ, ಒಲೆಯ ಪಕ್ಕ, ಬಿಸಿಲಿನಲ್ಲಿ ಮಾತ್ರ ಇಡಬೇಡಿ. ಮೈ ಬೆವರಿ, ನಡುಗಿ, ಕಣ್ಣು ಕತ್ತಲೆ ಬಂದರೆ ಸಕ್ಕರೆ ಇಳಿದಿದೆ ಎಂದು ತಿಳಿದು ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ರಮಝಾನ್ ತಿಂಗಳಲ್ಲಿ ಅಥವಾ ಅದಕ್ಕೆ ಸ್ವಲ್ಪ ಮುಂಚೆ ಡಿಸ್ಚಾರ್ಜ್ ಆದವರು ಉಪವಾಸ ಹಿಡಿಯಬಹುದೇ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಬೇಕು. ಅವರು ಕೂಡದು ಎಂದರೆ ಹಟ ಮಾಡಬಾರದು. ಕಾಯಿಲೆಯವರಿಗೆ ದೀನಿನಲ್ಲಿಯೇ ವಿನಾಯಿತಿ ಇದೆ. ಹಿಡಿಯಬಹುದು ಎಂದರೂ ಮಾತ್ರೆಯ ಹೊತ್ತನ್ನು ಸಹರಿ ಮತ್ತು ಇಫ್ತಾರಿಗೆ ಹೊಂದಿಸಿಕೊಡಬೇಕಾದವರು ಡಾಕ್ಟರು, ನಾವಲ್ಲ.

ಎರಡು: ಕಾಗದಪತ್ರ

ಡಿಸ್ಚಾರ್ಜ್ ಸಮ್ಮರಿ ಎಂಬ ಆ ಎರಡು ಮೂರು ಹಾಳೆಯೇ ಮುಂದಿನ ಡಾಕ್ಟರಿಗೆ ಕಣ್ಣು. ಮಂಗಳೂರಿನಲ್ಲಿ ಆಪರೇಷನ್ ಆದವರಿಗೆ ರಾತ್ರಿ ಎದೆನೋವು ಬಂದರೆ ಮೊದಲು ನೋಡುವವರು ಮಡಿಕೇರಿ, ವಿರಾಜಪೇಟೆ ಅಥವಾ ಸೋಮವಾರಪೇಟೆಯ ಡ್ಯೂಟಿ ಡಾಕ್ಟರು. ಅವರಿಗೆ ಆ ಹಾಳೆಯಿಂದಲೇ ತಿಳಿಯಬೇಕು. ಅದರಲ್ಲಿ ಇಷ್ಟಾದರೂ ಇದೆಯೇ ಎಂದು ಹೊರಡುವ ಮೊದಲು ನೋಡಿ: ಕಾಯಿಲೆಯ ಹೆಸರು, ಮಾಡಿದ ಆಪರೇಷನ್ ಅಥವಾ ಚಿಕಿತ್ಸೆ, ಮುಖ್ಯ ಪರೀಕ್ಷೆಗಳ ಫಲಿತಾಂಶ, ಇನ್ನೂ ಬರಬೇಕಾದ ವರದಿ, ಔಷಧಿಯ ಪಟ್ಟಿ, ಅಲರ್ಜಿ ಇದ್ದರೆ ಅದು, ಮರುತಪಾಸಣೆಯ ದಿನ, ತುರ್ತಿಗೆ ಕರೆ ಮಾಡಬೇಕಾದ ನಂಬರು. ಹೆಸರು, ವಯಸ್ಸು ಸರಿಯಾಗಿದೆಯೇ, ಎಡ–ಬಲ ತಪ್ಪಾಗಿದೆಯೇ ಅದನ್ನೂ ನೋಡಿ. ತಪ್ಪಿದ್ದರೆ ಅಲ್ಲಿಯೇ ತಿದ್ದಿಸುವುದು ಸುಲಭ. ಆಧಾರ್ ಒಂದರಲ್ಲಿ ಒಂದು ಹೆಸರು, ಆಸ್ಪತ್ರೆಯಲ್ಲಿ ಇನ್ನೊಂದು ಹೆಸರು ಆಗಿ ನೆರವಿನ ಅರ್ಜಿಗಳು ತಡವಾಗುವುದೂ ಉಂಟು.

ಎಲ್ಲವನ್ನೂ ಒಂದು ಫೈಲಿನಲ್ಲಿ ತಾರೀಕಿನ ಪ್ರಕಾರ ಜೋಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಿ; ಮಳೆಗಾಲದಲ್ಲಿ ಬೂಸ್ಟು ಹಿಡಿಯದ ಕಾಗದ ಕೊಡಗಿನಲ್ಲಿ ಇಲ್ಲ. ಮೊಬೈಲಿನಲ್ಲಿ ಪ್ರತಿ ಪುಟದ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ. ದಾಖಲೆಯ ಪ್ರತಿ ಕೇಳಲು ಹಿಂಜರಿಯಬೇಡಿ. ರೋಗಿಯಾಗಲಿ ಅವರು ಒಪ್ಪಿಗೆ ಕೊಟ್ಟವರಾಗಲಿ ಕೇಳಿದರೆ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲೇ ಇದೆ.

ಮೂರು: ಅಪಾಯದ ಸೂಚನೆ

“ಏನಾದರೂ ಆದರೆ ಬನ್ನಿ” ಎಂದು ಹೇಳಿ ಕಳುಹಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. “ಏನಾದರೆ ಬರಬೇಕು?” ಎಂದು ಎದುರು ಕೇಳಿ. “ಏನಾದರೆ ನಾಳೆಯವರೆಗೆ ಕಾಯಬಹುದು, ಏನಾದರೆ ಆ ರಾತ್ರಿಯೇ ಹೊರಡಬೇಕು?” ಎಂದೂ ಕೇಳಿ. ಕಾಯಿಲೆಗೆ ತಕ್ಕಂತೆ ಉತ್ತರ ಬೇರೆಯಾಗುತ್ತದೆ. ಎಲ್ಲರಿಗೂ ಅನ್ವಯಿಸುವ ಕೆಲವನ್ನು ಇಲ್ಲಿ ಹೇಳಬಹುದು.

ಉಸಿರಾಟಕ್ಕೆ ಕಷ್ಟ, ಎದೆನೋವು, ಮಾತು ತೊದಲುವುದು, ಮುಖ ಓರೆಯಾಗುವುದು, ಕೈಕಾಲು ಬಲ ಕಳೆದುಕೊಳ್ಳುವುದು, ಮಂಪರು, ಗುರುತು ತಪ್ಪಿ ಮಾತನಾಡುವುದು, ನಿಲ್ಲದ ರಕ್ತಸ್ರಾವ ಇವು ಕಂಡರೆ ಬೆಳಗಾಗಲು ಕಾಯದೆ 108ಕ್ಕೆ ಕರೆ ಮಾಡಿ. ಜ್ವರ, ಗಾಯ ಕೆಂಪಾಗಿ ಬಿಸಿಯಾಗುವುದು ಅಥವಾ ಕೀವು, ಒಂದೇ ಕಾಲು ಊದಿ ನೋಯುವುದು, ನುಂಗಿದ ಮಾತ್ರೆಯೂ ನಿಲ್ಲದಷ್ಟು ವಾಂತಿ, ಮೂತ್ರ ಹೋಗದಿರುವುದು ಇದ್ದರೆ ಅದೇ ದಿನ ಡಾಕ್ಟರನ್ನು ಕಾಣಿರಿ. ಹೃದಯ ದುರ್ಬಲವಾಗಿದೆ ಎಂದು ಹೇಳಿಸಿಕೊಂಡವರು ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡುವುದು ಒಳ್ಳೆಯದು. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಊಟದ ತೂಕವಲ್ಲ, ಮೈಯಲ್ಲಿ ನೀರು ನಿಂತದ್ದು. ಉಸಿರುಕಟ್ಟುವ ಮೊದಲೇ ಡಾಕ್ಟರಿಗೆ ಫೋನು ಮಾಡಲು ಸಿಗುವ ಅವಕಾಶ ಅದು.

ಗಾಯಕ್ಕೆ ಅರಿಸಿನ, ಕಾಫಿಪುಡಿ, ಬೂದಿ ಹಚ್ಚುವ ರೂಢಿ ನಮ್ಮಲ್ಲಿ ಪೂರ್ತಿ ಹೋಗಿಲ್ಲ. ಆಪರೇಷನ್ ಗಾಯಕ್ಕೆ ಡಾಕ್ಟರು ಹೇಳಿದ್ದನ್ನು ಬಿಟ್ಟು ಏನೂ ಹಚ್ಚಬಾರದು.

ನಾಲ್ಕು: ಮರುತಪಾಸಣೆ

ಹತ್ತು ದಿನ ಬಿಟ್ಟು ಬನ್ನಿ ಎಂದರೆ ಅದು ಯಾವ ವಾರ, ಯಾವ ತಾರೀಕು, ಆ ಡಾಕ್ಟರು ಅಂದು ಇರುತ್ತಾರೆಯೇ, ಖಾಲಿ ಹೊಟ್ಟೆಯಲ್ಲಿ ಬರಬೇಕೇ, ಯಾವ ಪರೀಕ್ಷೆ ಮಾಡಿಸಿಕೊಂಡು ಬರಬೇಕು ಎಂದು ಬರೆಸಿಕೊಳ್ಳಿ. ಹೊಲಿಗೆ ಬಿಚ್ಚಲು, ಡ್ರೆಸ್ಸಿಂಗ್ ಬದಲಿಸಲು 140 ಕಿಲೋಮೀಟರ್ ಹೋಗಲೇಬೇಕೇ, ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆಯೇ ಎಂದು ಕೇಳಿ. ಎಷ್ಟೋ ಸಲ ಆಗುತ್ತದೆ ಎಂದೇ ಹೇಳುತ್ತಾರೆ. ಕಾರಿನ ಬಾಡಿಗೆ, ಒಂದು ದಿನದ ಕೂಲಿ ಎರಡೂ ಉಳಿಯುತ್ತವೆ.

ಆಯುಷ್ಮಾನ್ ಯೋಜನೆಯಲ್ಲಿ ಚಿಕಿತ್ಸೆ ಪಡೆದವರು ಒಂದು ವಿಷಯ ನೆನಪಿಡಬೇಕು. ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧಿ ಮತ್ತು ತಪಾಸಣೆಯ ಖರ್ಚೂ ಸೇರಿದೆ. ತಿಳಿಯದೆ ಹೊರಗೆ ಕೊಂಡುಕೊಳ್ಳುವ ಬದಲು ಹೊರಡುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರ ಕೌಂಟರಿನಲ್ಲಿ ವಿಚಾರಿಸಿ, ಏನು ಸಿಗುತ್ತದೆ ಎಂದು ಖಚಿತಪಡಿಸಿಕೊಳ್ಳಿ.

ದಾರಿ ಮತ್ತು ಮನೆ

ಸಾಮಾನ್ಯವಾಗಿ ಬೆಳಗಿನ ರೌಂಡ್ಸಿನಲ್ಲಿ ಡಿಸ್ಚಾರ್ಜ್ ಎಂದು ಹೇಳಿದರೂ ಬಿಲ್ಲು, ಕ್ಲೇಮು ಮುಗಿಯುವಾಗ ಸಂಜೆಯಾಗಿರುತ್ತದೆ. ಘಾಟಿ ಹತ್ತಿ ಊರು ಸೇರುವಾಗ ಮೆಡಿಕಲ್ ಅಂಗಡಿ ಮುಚ್ಚಿರುತ್ತದೆ. ಆದ್ದರಿಂದ ಮಾತ್ರೆ, ಡ್ರೆಸ್ಸಿಂಗ್ ಸಾಮಾನು ಕೈಯಲ್ಲಿ ಹಿಡಿದೇ ಗಾಡಿ ಹತ್ತಿ. ದಾರಿಯಲ್ಲಿ ಬರುವ ಹೊತ್ತಿನ ಮಾತ್ರೆಯನ್ನು ಬೇರೆ ತೆಗೆದಿಡಿ. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದಿಟ್ಟು ರೌಂಡ್ಸಿನಲ್ಲಿ ಕೇಳಿ. ಬಿಲ್ಲಿನ ಗಡಿಬಿಡಿಯಲ್ಲಿ ಹೇಳಿದ ಮಾತು ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಘಾಟಿಯ ತಿರುವುಗಳಲ್ಲಿ ವಾಂತಿಯಾಗುವ ರೋಗಿಗಳ ಬಗ್ಗೆ, ಕುಳಿತು ಬರಬೇಕೋ ಮಲಗಿ ಬರಬೇಕೋ ಎಂಬುದರ ಬಗ್ಗೆಯೂ ಕೇಳಿರಿ.

ನಮ್ಮ ಊರಿನಲ್ಲಿ ರಸ್ತೆಯಿಂದ ಮನೆಗೆ ಮೆಟ್ಟಿಲು ಇಳಿಯಬೇಕು ಅಥವಾ ಗುಡ್ಡ ಹತ್ತಬೇಕು. ಆಸ್ಪತ್ರೆಯವರಿಗೆ ಅದು ತಿಳಿಯದು. “ನಮ್ಮ ಮನೆಗೆ ನಲವತ್ತು ಮೆಟ್ಟಿಲಿದೆ, ಪಾಯಿಖಾನೆ ಹೊರಗಿದೆ, ಅದೂ ಕುಕ್ಕರಗಾಲಿನದು, ಒಲೆ ಸೌದೆಯದು” ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸೊಂಟ, ಮಂಡಿಯ ಆಪರೇಷನ್ ಆದವರಿಗೆ ಕೂರುವುದು ಹೇಗೆ, ದಮ್ಮಿನವರನ್ನು ಹೊಗೆಯಿಂದ ದೂರ ಇಡುವುದು ಹೇಗೆ ಎಂದು ಆಗ ಅವರು ಸರಿಯಾಗಿ ಹೇಳಬಲ್ಲರು. ಒದ್ದೆ ನೆಲದಲ್ಲಿ ಜಾರದಂತೆ ಗೋಣಿಯೋ ರಬ್ಬರ್ ಮ್ಯಾಟೋ, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಗಟ್ಟಿ ಕಂಬ, ರಾತ್ರಿಗೆ ಟಾರ್ಚು ಇವನ್ನು ರೋಗಿ ಬರುವ ಹಿಂದಿನ ದಿನವೇ ಹೊಂದಿಸಿಡಿ. ಆಮ್ಲಜನಕದ ಯಂತ್ರ ಬೇಕಾದವರು ಕರೆಂಟು ಹೋದಾಗ ಏನು ಮಾಡಬೇಕೆಂದು ಕೇಳದೆ ಹೊರಡಬಾರದು.

ಹಾಸಿಗೆ ಹಿಡಿದವರ ಆರೈಕೆಯನ್ನು ಕೈಯಿಂದ ಮಾಡಿಯೇ ಕಲಿಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ಚೀಲವನ್ನು ಯಾವಾಗಲೂ ಸೊಂಟಕ್ಕಿಂತ ಕೆಳಗೆ ಆದರೆ ನೆಲಕ್ಕೆ ತಾಗದಂತೆ ಇಡುವುದು, ಮೂಗಿನ ನಳಿಕೆಯಲ್ಲಿ ಆಹಾರ ಕೊಡುವಾಗ ಮತ್ತು ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ತಲೆಭಾಗ ಎತ್ತರದಲ್ಲಿರುವಂತೆ ನೋಡುವುದು ಇವನ್ನು ವಾರ್ಡಿನಲ್ಲಿರುವಾಗಲೇ ಸಿಸ್ಟರ ಜೊತೆ ನಿಂತು ಮಾಡಿ.

ಬಾಣಂತಿ ಮತ್ತು ಹಸುಗೂಸು

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಔಷಧಿ, ಊಟ, ಪರೀಕ್ಷೆಗಳ ಜೊತೆಗೆ ಮನೆಗೆ ಬಿಡುವ ವಾಹನವೂ ಉಚಿತ. ನಮ್ಮ ರಾಜ್ಯದಲ್ಲಿ ‘ನಗು–ಮಗು’ ವಾಹನ ಇರುವುದು ಇದಕ್ಕೇ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ ಮಗುವನ್ನು ನೋಡಬೇಕು. ಗಂಡನ ಮನೆಗೆ ಹೋಗುತ್ತೀರೋ ತವರಿಗೆ ಹೋಗುತ್ತೀರೋ ಮೊದಲೇ ತಿಳಿಸಿದರೆ ಆ ಊರಿನ ಆಶಾ ಬರಲು ಅನುಕೂಲ.

ತಾಯಿಗೆ ಹೆಚ್ಚು ರಕ್ತ ಹೋಗುವುದು, ಜ್ವರ, ವಿಪರೀತ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಫಿಟ್ಸ್. ಮಗುವಿಗೆ ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುವುದು, ಅಂಗೈ ಅಂಗಾಲಿನವರೆಗೂ ಹಳದಿಯಾಗುವುದು ಇವು ಕಂಡರೆ ಬಾಣಂತನದ ನಲವತ್ತು ದಿನ ಹೊರಗೆ ಹೋಗಬಾರದು ಎಂಬ ಮಾತು ಅಡ್ಡ ಬರಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ತಿಳಿಯಿತೇ ಎಂದು ತಿಳಿಯುವುದು ಹೇಗೆ

ತರಗತಿಯಲ್ಲಿ “ಅರ್ಥವಾಯಿತಾ?” ಎಂದು ಕೇಳಿದರೆ ಇಡೀ ತರಗತಿ ಹೌದು ಎನ್ನುತ್ತದೆ. ಒಬ್ಬನನ್ನು ಎಬ್ಬಿಸಿ “ಹಾಗಾದರೆ ನೀನೇ ಹೇಳು” ಎಂದಾಗಲೇ ನಿಜ ತಿಳಿಯುವುದು. ಪಾಠ ಮಾಡಿದವರಿಗೆಲ್ಲ ಇದು ಗೊತ್ತು. ವೈದ್ಯಕೀಯದಲ್ಲೂ ಈಗ ಇದೇ ಕ್ರಮವನ್ನು ಉತ್ತಮವೆಂದು ಒಪ್ಪಿದ್ದಾರೆ: ಹೇಳಿದ್ದನ್ನು ರೋಗಿಯ ಅಥವಾ ಮನೆಯವರ ಬಾಯಿಂದಲೇ ತಿರುಗಿ ಹೇಳಿಸುವುದು. ಆಸ್ಪತ್ರೆಯವರು ಹೇಳಿಸದಿದ್ದರೆ ನೀವೇ ಹೇಳಿ: “ಸಿಸ್ಟರ್, ನಾನು ಒಂದು ಸಲ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.” ಇಷ್ಟು ಹೇಳಲು ಎರಡು ನಿಮಿಷ ಸಾಕು. ಗೊತ್ತಿಲ್ಲದ್ದನ್ನು ಕೇಳುವುದು ಅಗೌರವವಲ್ಲ. ಕೇಳಿದವರ ಮೇಲೆ ಒಳ್ಳೆಯ ಡಾಕ್ಟರಿಗೆ ಗೌರವವೇ ಹೆಚ್ಚು.

ಮನೆಯಲ್ಲಿ ನಿಜವಾಗಿ ನೋಡಿಕೊಳ್ಳುವವರು ಅಲ್ಲಿರಬೇಕು ಎಂಬುದೂ ಅಷ್ಟೇ ಮುಖ್ಯ. ಡಾಕ್ಟರು ಮಾವನ ಹತ್ತಿರ ಹೇಳುತ್ತಾರೆ, ಮಾತ್ರೆ ಕೊಡಬೇಕಾದ ಸೊಸೆ ಊರಿನಲ್ಲಿರುತ್ತಾಳೆ. ಆಕೆ ಬರಲಾಗದಿದ್ದರೆ ಸಿಸ್ಟರ ಒಪ್ಪಿಗೆ ಪಡೆದು ಫೋನಿನಲ್ಲಾದರೂ ಮಾತನಾಡಿಸಿ.

ಹಣ ಸಾಲದೆ ಹೊರಡುವವರಿಗೆ

ದುಡ್ಡು ಮುಗಿದು, ಡಾಕ್ಟರು ಬೇಡವೆಂದರೂ ಸಹಿ ಹಾಕಿ ರೋಗಿಯನ್ನು ಕರೆತರುವುದಕ್ಕೆ ಆಸ್ಪತ್ರೆಗಳಲ್ಲಿ ‘ಲಾಮಾ’ ಎನ್ನುತ್ತಾರೆ. ಹಾಗೆ ಹೊರಡುವ ಹಕ್ಕು ರೋಗಿಗಿದೆ, ಆದರೆ ಅಪಾಯ ಹೆಚ್ಚು. ಸಹಿ ಹಾಕುವ ಮೊದಲು ಟ್ರಸ್ಟಿಗೆ ಒಂದು ಫೋನು ಮಾಡಿ. ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಲು ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಕೊನೆಗೆ ಹೊರಡಲೇಬೇಕಾದರೂ ಚಿಕಿತ್ಸೆಯ ಸಾರಾಂಶ ಮತ್ತು ಮಾತ್ರೆ ಚೀಟಿ ಕೇಳಿ ಪಡೆಯಿರಿ, ಬರಿಗೈಯಲ್ಲಿ ಬರಬೇಡಿ.

ದಾನಿಗಳಲ್ಲಿ, ಪೋಷಕರಲ್ಲಿ ಒಂದು ಮಾತು

ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ. ಆಪರೇಷನ್ನಿಗೆ ಕೊಟ್ಟ ಹಣ ಎಲ್ಲರ ಕಣ್ಣಿಗೂ ಕಾಣುತ್ತದೆ. ಮರುತಪಾಸಣೆಯ ಬಾಡಿಗೆ, ಮೂರು ತಿಂಗಳ ಮಾತ್ರೆ, ಒಂದು ವಾಕರ್, ಒಂದು ನೀರು ಹಾಸಿಗೆ ಇವಕ್ಕೆ ಕೊಟ್ಟದ್ದು ಅಷ್ಟು ಕಾಣುವುದಿಲ್ಲ. ಆದರೆ ಮೊದಲು ಕೊಟ್ಟ ದೊಡ್ಡ ಮೊತ್ತವನ್ನು ಕಾಯುವುದು ಈ ಸಣ್ಣ ಮೊತ್ತವೇ. ನೆರವನ್ನು ಡಿಸ್ಚಾರ್ಜ್ ದಿನಕ್ಕೆ ನಿಲ್ಲಿಸದೆ ಒಂದು ತಿಂಗಳಾದರೂ ಮುಂದುವರಿಸಿದರೆ ಅದು ಪೂರ್ಣವಾದ ನೆರವು.

ಪೋಷಕರಲ್ಲಿ ಇನ್ನೊಂದು ಮಾತು. ಮನೆಯಲ್ಲಿ ರೋಗಿ ಇದ್ದಾಗ ತಾಯಿ ತೋಟದ ಕೆಲಸಕ್ಕೆ ಹೋಗಲೇಬೇಕಾದರೆ ಮನೆಯಲ್ಲಿ ಉಳಿಯುವುದು ಹೆಣ್ಣುಮಗಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ವಾರದ ಗೈರು ನಾಲ್ಕು ವಾರವಾಗುವುದನ್ನು, ಆ ಮಗಳು ಪರೀಕ್ಷೆಗೆ ಬಾರದಿರುವುದನ್ನು ಶಿಕ್ಷಕರೆಲ್ಲ ಕಂಡಿದ್ದಾರೆ. ಡಿಸ್ಚಾರ್ಜ್ ಚೀಟಿ ಓದಿ ಹೇಳುವುದು, ಮಾತ್ರೆಯ ಪಟ್ಟಿ ಬರೆಯುವುದು ಮಕ್ಕಳಿಗೆ ಹೊರೆಯಲ್ಲ, ಅದು ಒಳ್ಳೆಯ ವಿದ್ಯೆಯೇ. ಆದರೆ ಹಗಲಿಡೀ ಆರೈಕೆಯ ಭಾರವನ್ನು ಅವರ ಮೇಲೆ ಹಾಕಬೇಡಿ. ಸರದಿಯ ಮೇಲೆ ನೋಡಿಕೊಳ್ಳಲು ಅಣ್ಣತಮ್ಮಂದಿರು, ಮಾಮಂದಿರು, ನೆರೆಯವರು, ಜಮಾಅತಿನವರು ಸೇರಿ ಡಿಸ್ಚಾರ್ಜ್ ಮೊದಲೇ ದಿನ ಹಂಚಿಕೊಳ್ಳಿ. ಮಗು ಶಾಲೆ ಬಿಡುವ ಸ್ಥಿತಿ ಬಂದರೆ ತರಗತಿಯ ಶಿಕ್ಷಕರಿಗೂ ಟ್ರಸ್ಟಿಗೂ ಕೂಡಲೇ ತಿಳಿಸಿ. ವಿದ್ಯಾರ್ಥಿವೇತನ ಹೋಗುತ್ತದೆಂಬ ಭಯದಿಂದ ಮುಚ್ಚಿಡಬೇಡಿ.

ಕೊನೆಯದಾಗಿ, ಹೊರಡುವ ಮೊದಲು ಕೇಳಬೇಕಾದ ಆರು ಪ್ರಶ್ನೆಗಳನ್ನು ಕೆಳಗೆ ಕೊಟ್ಟಿದ್ದೇನೆ. ಈ ಪುಟವನ್ನು ಕತ್ತರಿಸಿ ಮನೆಯ ರೇಷನ್ ಕಾರ್ಡಿನ ಜೊತೆಗೆ ಇಟ್ಟುಕೊಳ್ಳಿ.

1. ಕಾಯಿಲೆ ಏನು, ಏನು ಚಿಕಿತ್ಸೆ ಮಾಡಿದ್ದೀರಿ?
2. ಯಾವ ಮಾತ್ರೆ, ಯಾವ ಹೊತ್ತಿಗೆ, ಎಷ್ಟು ದಿನ? ಹಳೆಯ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು?
3. ಏನು ತಿನ್ನಬಹುದು, ಏನು ಕೂಡದು? ಯಾವಾಗಿನಿಂದ ಸ್ನಾನ, ಮೆಟ್ಟಿಲು, ಕೆಲಸ?
4. ಏನು ಕಂಡರೆ ಕೂಡಲೇ ಬರಬೇಕು? ಯಾರಿಗೆ ಫೋನು ಮಾಡಬೇಕು?
5. ಮರುತಪಾಸಣೆ ಯಾವ ದಿನ, ಎಲ್ಲಿ? ಯಾವ ವರದಿ ಬರಲು ಬಾಕಿ ಇದೆ?
6. ಮನೆಯಲ್ಲಿ ಮಾಡಬೇಕಾದ ಕೆಲಸವನ್ನು ನಾನು ಒಮ್ಮೆ ಮಾಡಿ ತೋರಿಸುತ್ತೇನೆ, ಸರಿಯಾಗಿದೆಯೇ?

ಈ ಆರಕ್ಕೂ ಉತ್ತರ ಸಿಕ್ಕಿದ ಮೇಲೆ ಗಾಡಿಗೆ ಹೇಳಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ, ಅವರನ್ನು ನೋಡಿಕೊಳ್ಳುವವರಿಗೆ ತಾಳ್ಮೆಯನ್ನೂ ಆರೋಗ್ಯವನ್ನೂ ಕೊಡಲಿ.